ಇಸ್ತ್ರಿ ಅಕ್ಕನ ಇ-ಮೇಲ್ ಎಲ್ಲಿ ಹೋಯಿತು?

"ನಿಮ್ಮ ತಕರಾರು ಅರ್ಜಿ ಬಂದೇ ಇಲ್ಲಮ್ಮ."

ಕಚೇರಿ ಕೌಂಟರಿನ ಆಚೆ ನಿಂತು ಈ ಮಾತು ಕೇಳಿಸಿಕೊಳ್ಳದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇದ್ದರೆ ಪುಣ್ಯವಂತರು. ನಾನು ಕೌಂಟರಿನ ಈಚೆ ಕೂತವನು. ಪಟ್ಟಣದ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಟಪಾಲು ಗುಮಾಸ್ತ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಬೇಸರದಲ್ಲಿ ಹೇಳಿದ್ದೇನೆ, ಊಟದ ಹೊತ್ತಾಯಿತೆಂದು ಗಡಿಬಿಡಿಯಲ್ಲಿ ಹೇಳಿದ್ದೇನೆ. ಗೊತ್ತಿದ್ದೂ ಸುಳ್ಳು ಹೇಳಿದವನಲ್ಲ ಎಂದು ಮಾತ್ರ ಎದೆ ತಟ್ಟಿಕೊಳ್ಳುತ್ತಿದ್ದೆ.

ಆ ಶನಿವಾರ ಕೌಂಟರಿನ ಮುಂದೆ ನಿಂತಿದ್ದವಳು ನಮ್ಮ ಬೀದಿಯ ಇಸ್ತ್ರಿ ಅಕ್ಕ. ನಮ್ಮ ಮನೆಯಿಂದ ನಾಲ್ಕನೇ ಮನೆ. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಇಡೀ ಬೀದಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಾಳೆ. ಆ ಕೋಣೆಯೇ ಅವಳ ಅಂಗಡಿ, ಅವಳ ಅನ್ನ. ಈಗ ರಸ್ತೆ ಅಗಲ ಮಾಡುವ ನಕ್ಷೆ ಬಂದಿತ್ತು. ನಕ್ಷೆಯ ಕೆಂಪು ಗೆರೆ ಸರಿಯಾಗಿ ಅವಳ ಇಸ್ತ್ರಿ ಮೇಜಿನ ಮೇಲೆ ಹಾದುಹೋಗಿತ್ತು. ತಕರಾರು ಇದ್ದವರು ಮೂವತ್ತು ದಿನದೊಳಗೆ ತಿಳಿಸಬೇಕು ಎಂದು ಕಚೇರಿ ಪ್ರಕಟಣೆ ಹೊರಡಿಸಿತ್ತು. ಮುಂದಿನ ಶುಕ್ರವಾರ ವಿಚಾರಣೆ. ತಕರಾರು ದಾಖಲಾಗದವರ ಮನೆಗೆ ಅದರ ಮರುವಾರವೇ ಒಡೆಯುವ ಯಂತ್ರ ಬರುತ್ತದೆ. ಪಟ್ಟಿಯಲ್ಲಿ ಅವಳ ಮನೆಯ ಮುಂದೆ "ತಕರಾರು ಇಲ್ಲ" ಎಂದಿತ್ತು.

"ಅಣ್ಣಾ, ಇನ್ನೊಂದ್ಸಲ ನೋಡಿ. ನಾನು ಕಳ್ಸಿದೀನಿ. ಇಪ್ಪತ್ತನೇ ದಿನಾನೇ ಕಳ್ಸಿದೀನಿ. ಜೆರಾಕ್ಸ್ ಅಂಗಡಿಯೋನು ನನ್ನ ಕಣ್ಣೆದುರಿಗೇ ಬಟನ್ ಒತ್ತಿದ."

"ಅವನು ಬಟನ್ ಒತ್ತಿದ ಮಾತ್ರಕ್ಕೆ ಇಲ್ಲಿಗೆ ಬಂತು ಅಂತಲ್ಲಮ್ಮ. ಆವಕ ಪುಸ್ತಕದಲ್ಲಿ ಇರಬೇಕು. ನೀವೇ ನೋಡಿ."

ಬೀದಿಯಲ್ಲಿ ಸಿಕ್ಕರೆ "ಏನಮ್ಮಾ, ನನ್ನ ಶರ್ಟ್ ಆಯ್ತಾ?" ಎನ್ನುವವನು ನಾನು. ಕುರ್ಚಿಯ ಮೇಲೆ ಕೂತರೆ ಬಾಯಿಗೆ ಬಹುವಚನ ತಾನಾಗಿ ಬರುತ್ತದೆ. ಪುಸ್ತಕವನ್ನು ಅವಳ ಕಡೆ ತಿರುಗಿಸಿದೆ. ಬಂದ ಪತ್ರಗಳನ್ನೆಲ್ಲ ಬರೆದಿಡುವ ಪುಸ್ತಕ ಅದು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಅವಳು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದಳು. ಅವಳದ್ದು ಇರಲಿಲ್ಲ.

"ಸ್ವೀಕೃತಿ ನಂಬರ್ ಏನಾದ್ರೂ ಬಂದಿತ್ತಾ?" ಎಂದೆ.

"ಯಾರೂ ಏನೂ ಕೊಡ್ಲಿಲ್ಲ."

"ಹಾಗಾದ್ರೆ ನಾನೇನು ಮಾಡ್ಲಿ?"

ನಮ್ಮ ಕಚೇರಿ ಇ-ಮೇಲಿಗೆ ಯಾರಿಗೂ ನಂಬರ್ ಕೊಡುವುದಿಲ್ಲ ಎಂಬುದನ್ನು ನಾನು ಹೇಳಲಿಲ್ಲ. ಅವಳು ಕೇಳಲಿಲ್ಲ. "ಎಷ್ಟು ಜನ ಕೈ ಬಿಸಿ ಮಾಡಿದಾರೋ ಯಾರಿಗೆ ಗೊತ್ತು" ಎಂದು ಗೊಣಗಿಕೊಂಡು ಹೋದಳು. ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬರಿಂದಲೂ ಕೈಚಾಚಿ ಒಂದು ಟೀ ಕುಡಿದವನಲ್ಲ ನಾನು.

ಕೋಪ ಬಂದರೆ ನನಗೆ ಗುಡಿಸಬೇಕು, ಒರೆಸಬೇಕು. ಹೇಗೂ ಶನಿವಾರ. ನಮ್ಮ ಕಚೇರಿಯಲ್ಲಿ ಪ್ರತಿ ಶನಿವಾರ ನಾಲ್ಕು ಗಂಟೆಗೆ ಸ್ವಚ್ಛತೆ. ಮೇಜು, ಬೀರು, ಕಿಟಕಿ, ಕೊನೆಗೆ ಕಂಪ್ಯೂಟರು. ಒಮ್ಮೆ ಜಿಲ್ಲೆಯಿಂದ ಬಂದ ದೊಡ್ಡ ಅಧಿಕಾರಿ ನಮ್ಮ ಕಚೇರಿ ನೋಡಿ ಮೆಚ್ಚಿ ಪ್ರಶಂಸಾ ಪತ್ರ ಕೊಟ್ಟಿದ್ದರು. ಅದನ್ನು ಕಟ್ಟು ಹಾಕಿಸಿ ನನ್ನ ಕುರ್ಚಿಯ ಹಿಂದೆ ತೂಗುಹಾಕಿದ್ದೆ.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಒಬ್ಬರು ಕೂತಿದ್ದರು. ನಲವತ್ತರ ಹೆಂಗಸು, ಹೆಗಲಿಗೆ ಕಪ್ಪು ಚೀಲ, ಕೈಯಲ್ಲಿ ತಾವೇ ತಂದ ನೀರಿನ ಬಾಟಲಿ. ಕೇಂದ್ರ ಕಚೇರಿ ಕಳಿಸಿದ ತಂತ್ರಜ್ಞೆ. ಸರ್ಕಾರಿ ಇ-ಮೇಲುಗಳು ಎಷ್ಟು ಭದ್ರವಾಗಿವೆ, ಬಂದ ಪತ್ರಗಳ ದಾಖಲೆ ಹೇಗೆ ಇಡುತ್ತಾರೆ ಎಂದು ಊರೂರು ತಿರುಗಿ ತನಿಖೆ ಮಾಡುವ ಕೆಲಸ. ಕಳಿಸಿದ ಅರ್ಜಿ ಕಾಣೆಯಾಗಿದೆ ಎಂದು ಬಹಳ ಕಡೆಯಿಂದ ದೂರು ಹೋಗಿತ್ತಂತೆ. ಪಟ್ಟಿ ಹಚ್ಚಿದ ವಾರವೇ ನಮ್ಮ ಕಚೇರಿಯ ಮೇಲೂ ಒಂದು ದೂರು ಹೋಗಿತ್ತು. ಯಾರದೆಂದು ಕೇಳಬೇಕಾಗಿರಲಿಲ್ಲ.

ತನಿಖೆ ಮೇಡಂ ಎಂದು ನಾವು ಹೆಸರಿಟ್ಟೆವು. ಯಾರನ್ನೂ ನಂಬದ ಹೆಂಗಸು. ಕಂಪ್ಯೂಟರು ಮುಟ್ಟುವ ಮೊದಲು ಅದರ ಫೋಟೋ ತೆಗೆದರು. ಟೀ ಕೊಟ್ಟರೆ ಬೇಡ ಎಂದರು. ಒಂದೇ ಪ್ರಶ್ನೆಯನ್ನು ಬೆಳಿಗ್ಗೆ ಒಮ್ಮೆ ಕೇಳಿ, ಮಧ್ಯಾಹ್ನ ಏನೂ ಗೊತ್ತಿಲ್ಲದವರ ಹಾಗೆ ಮತ್ತೊಮ್ಮೆ ಕೇಳುತ್ತಿದ್ದರು. ಎರಡು ಉತ್ತರವನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ನನಗೆ ಅವರ ಮೇಲೆ ಮೊದಲ ದಿನವೇ ಅನುಮಾನ ಬಂತು. ರಸ್ತೆ ಕೆಲಸ ನಿಲ್ಲಿಸಲು ಯಾರೋ ಬಿಟ್ಟಿರಬೇಕು ಎಂದುಕೊಂಡೆ.

"ಈ ಬೀರುವಿನ ಬೀಗದ ಕೈ ಯಾರ ಹತ್ರ ಇದೆ?" ಎಂದು ನನ್ನನ್ನು ಕೇಳಿದರು.

"ನನ್ನ ಹತ್ರ ಒಂದೇ ಮೇಡಂ. ಸೊಂಟ ಬಿಟ್ಟು ಕದಲಲ್ಲ."

"ಇ-ಮೇಲ್ ಪಾಸ್‌ವರ್ಡ್?"

ನಾನು ಉತ್ತರ ಕೊಡುವ ಮೊದಲೇ ಅವರ ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಅಂಚಿನಲ್ಲಿ ದಪ್ಪಕ್ಕೆ ಬರೆದಿತ್ತು. ಕಚೇರಿಯ ಹೆಸರು, ಮುಂದೆ ಒಂದು ಎರಡು ಮೂರು. ಕೌಂಟರಿನ ಆಚೆ ನಿಂತವರಿಗೂ ಕಾಣುವ ಹಾಗೆ.

"ಎಷ್ಟು ಜನ ಉಪಯೋಗಿಸ್ತೀರಿ?"

"ಏಳೂ ಜನ. ಹೊಸಬರು ಬಂದ್ರೆ ಕೂಗಿ ಹೇಳ್ತೀವಿ."

"ಬಿಟ್ಟುಹೋದವರು?"

"ಅವರಿಗೂ ಗೊತ್ತಿರುತ್ತೆ. ಮರೆಯೋ ಅಂಥದ್ದೇನಲ್ವಲ್ಲ."

ನಾನು ನಕ್ಕೆ. ಅವರು ನಗಲಿಲ್ಲ. "ಬೀರುವಿನಲ್ಲಿ ಏನಿದೆ?" ಎಂದರು. ಖಾಲಿ ಕಾಗದ, ಗೋಂದು, ಹಳೇ ಮೊಹರು ಎಂದೆ. "ಗೋಂದಿಗೆ ಬೀಗ. ಜನರ ಅರ್ಜಿಗೆ ಕ್ಯಾಲೆಂಡರು" ಎಂದು ಬರೆದುಕೊಂಡರು.

ಆಮೇಲೆ ನಮ್ಮ ಸಾಹೇಬರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು. ನಾವೆಲ್ಲ ಕೆಲಸ ಮಾಡುವವರ ಹಾಗೆ ಕಿವಿ ಕೊಟ್ಟು ಕೂತೆವು.

"ರಸ್ತೆ ಗುತ್ತಿಗೆದಾರರ ಜೊತೆ ನಡೆದ ಪತ್ರ ವ್ಯವಹಾರ ಕಚೇರಿ ಮೇಲ್‌ನಲ್ಲಿ ಒಂದೂ ಇಲ್ಲವಲ್ಲ ಸಾರ್?"

"ಅದೆಲ್ಲ ನನ್ನ ಸ್ವಂತ ಮೇಲ್‌ನಲ್ಲಿದೆ ಮೇಡಂ. ಕಚೇರಿದು ಬಹಳ ನಿಧಾನ."

"ನಾಳೆ ನಿಮಗೆ ವರ್ಗ ಆದ್ರೆ ಆ ಪತ್ರಗಳು?"

"ನನ್ನ ಜೊತೆಗೇ ಬರ್ತವೆ, ಮತ್ತೇನು."

"ರಸ್ತೆ ಇಲ್ಲೇ ಇರುತ್ತಲ್ಲ ಸಾರ್."

ಸಾಹೇಬರು ಕೆಮ್ಮಿದರು. ಬಾಗಿಲು ಮುಚ್ಚಿತು.

ಮಂಗಳವಾರ ಇನ್ನೂ ದೊಡ್ಡದು ಸಿಕ್ಕಿತು. ಕಚೇರಿಗೆ ಬರುವ ಪ್ರತಿಯೊಂದು ಇ-ಮೇಲಿನ ಒಂದು ಪ್ರತಿ, ಬಂದ ಕ್ಷಣವೇ, ತಾನಾಗಿ ಹೊರಗಿನ ಒಂದು ವಿಳಾಸಕ್ಕೆ ಹೋಗುತ್ತಿತ್ತು. ಯಾರೋ ಹಾಗೆ ಸೆಟ್ಟಿಂಗ್ ಮಾಡಿಟ್ಟಿದ್ದರು. ಮೇಡಂ ಪರದೆಯನ್ನು ನಮ್ಮ ಕಡೆ ತಿರುಗಿಸಿ, "ಇದು ಯಾರದು?" ಎಂದರು. ಟೈಪಿಸ್ಟಮ್ಮ ನನ್ನನ್ನು ನೋಡಿದಳು, ನಾನು ಅಟೆಂಡರನನ್ನು ನೋಡಿದೆ, ಅವನು ಸಾಹೇಬರ ಬಾಗಿಲನ್ನು ನೋಡಿದ. ಆ ದಿನ ಮಧ್ಯಾಹ್ನ ಏಳು ಜನ ಏಳು ಮೂಲೆಯಲ್ಲಿ ಕೂತು ಊಟ ಮಾಡಿದೆವು. ಹದಿನೈದು ವರ್ಷ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿದವರು ನಾವು.

ಕೊನೆಗೆ ನನಗೇ ಹೊಳೆಯಿತು. ಅದು ನಮ್ಮ ಹಳೇ ಸಾಹೇಬರ ಸ್ವಂತ ವಿಳಾಸ. ನಾಲ್ಕು ವರ್ಷದ ಹಿಂದೆ ಕಾಲು ಮುರಿದು ಮನೆಯಲ್ಲಿ ಕೂತಾಗ, ಅಲ್ಲಿಂದಲೇ ಪತ್ರ ನೋಡಲು ಮಾಡಿಸಿಕೊಂಡಿದ್ದರು. ಕಾಲು ಸರಿಹೋಯಿತು, ಅವರು ನಿವೃತ್ತರೂ ಆದರು, ಸೆಟ್ಟಿಂಗ್ ಹಾಗೇ ಉಳಿಯಿತು.

"ಈಗ ಅವರು ಏನ್ ಮಾಡ್ತಿದಾರೆ?" ಮೇಡಂ ಕೇಳಿದರು.

ನಾನೇ ಹೇಳಬೇಕಾಯಿತು. "ರಸ್ತೆ ಗುತ್ತಿಗೆದಾರರಿಗೆ ಸಲಹೆಗಾರರು."

ಎಂದರೆ ರಸ್ತೆಗೆ ಯಾರ್ಯಾರು ತಕರಾರು ಮಾಡಿದ್ದಾರೆ ಎಂಬುದು ಕಚೇರಿಗೆ ತಿಳಿಯುವ ಹೊತ್ತಿಗೇ ಗುತ್ತಿಗೆದಾರರ ಮನುಷ್ಯನಿಗೂ ತಿಳಿಯುತ್ತಿತ್ತು. ಮೇಡಂ ಎಲ್ಲರ ಎದುರಿಗೇ ಅವರಿಗೆ ಫೋನು ಮಾಡಿದರು. ಹಳೇ ಸಾಹೇಬರು ನಕ್ಕರು. "ಅಯ್ಯೋ, ಆ ಅಕೌಂಟ್ ನಾನು ತೆರೆಯೋದೇ ಇಲ್ಲಮ್ಮ. ಪಾಸ್‌ವರ್ಡೇ ಮರೆತಿದೀನಿ." ಅದನ್ನು ಹಾಗೇ ಉಳಿಸಿ, ಏನೂ ಮುಟ್ಟಬೇಡಿ ಎಂದು ಮೇಡಂ ಹೇಳಿದರು. ಬುಧವಾರ ಬೆಳಿಗ್ಗೆ ನೋಡಿದರೆ ಆ ಅಕೌಂಟೇ ಮುಚ್ಚಿಹೋಗಿತ್ತು. ಮರೆತ ಪಾಸ್‌ವರ್ಡ್ ಒಂದೇ ದಿನದಲ್ಲಿ ನೆನಪಾಗಿತ್ತು ಅಂತ ಕಾಣುತ್ತದೆ. ತಪ್ಪಿಗೆ ಹೆದರಿ ಮುಚ್ಚಿದರೋ, ಮರ್ಯಾದೆಗೆ ಹೆದರಿ ಮುಚ್ಚಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಇಸ್ತ್ರಿ ಅಕ್ಕನ ಅರ್ಜಿಯ ಪ್ರತಿ ಅಲ್ಲಿಯಾದರೂ ಇರಬಹುದಿತ್ತು. ಅದೂ ಹೋಯಿತು. ಜೆರಾಕ್ಸ್ ಅಂಗಡಿಯವನು ದಿನಾ ಸಂಜೆ ಗಿರಾಕಿಗಳ ಕಾಗದ, ಕಳಿಸಿದ ಮೇಲ್ ಎಲ್ಲವನ್ನೂ ಅಳಿಸುತ್ತಾನೆ. ಅಲ್ಲೂ ಇಲ್ಲ. ಉಳಿದದ್ದು ಕೇಂದ್ರ ಕಚೇರಿಯ ಸರ್ವರಿನ ಲಾಗ್ ಮಾತ್ರ. ಯಾವ ವಿಳಾಸದಿಂದ, ಎಷ್ಟು ಹೊತ್ತಿಗೆ ಪತ್ರ ಬಂತು, ಯಾವಾಗ ತೆರೆದರು, ಯಾವಾಗ ಅಳಿಸಿದರು, ಇಷ್ಟನ್ನೇ ಅದು ಬರೆದಿಡುತ್ತದೆ. ಒಳಗೆ ಏನಿತ್ತು ಎಂದು ಹೇಳುವುದಿಲ್ಲ.

ಬುಧವಾರ ಮಧ್ಯಾಹ್ನ ಮೇಡಂ ಅದನ್ನು ಓದಿದರು. "ಇಪ್ಪತ್ತನೇ ದಿನ ಜೆರಾಕ್ಸ್ ಅಂಗಡಿಯಿಂದ ಮೂರು ಮೇಲ್ ಬಂದಿವೆ. ಮೂರನ್ನೂ ತೆರೆದಿದಾರೆ. ಮೂರನ್ನೂ ಆ ವಾರದ ಶನಿವಾರ ಸಂಜೆ ನಾಲ್ಕು ಹತ್ತಕ್ಕೆ ಅಳಿಸಿದಾರೆ. ಅಳಿಸಿದ್ದು ಮೂವತ್ತು ದಿನ ಕಸದ ಬುಟ್ಟೀಲಿರುತ್ತೆ. ಆ ಮೂವತ್ತು ದಿನವೂ ದಾಟಿದೆ."

"ಜಾಹೀರಾತು ಇರಬೇಕು," ಎಂದರು ಸಾಹೇಬರು. "ಹಾಗೇ ಬರ್ಕೊಳ್ಳಿ."

"ಇರಬೇಕು ಅನ್ನೋದನ್ನ ನಾನು ಬರೆಯಲ್ಲ ಸಾರ್." ನನ್ನ ಕಡೆ ತಿರುಗಿದರು. "ಶನಿವಾರ ನಾಲ್ಕು ಗಂಟೆಗೆ ಇಲ್ಲಿ ಏನು ನಡೆಯುತ್ತೆ?"

ನನ್ನ ಬೆನ್ನ ಹಿಂದೆಯೇ ಪ್ರಶಂಸಾ ಪತ್ರ ಇತ್ತು. "ಸ್ವಚ್ಛತೆ ಮೇಡಂ. ಕಂಪ್ಯೂಟರಿನ ಕಸಾನೂ ತೆಗೀತೀವಿ. ಎಲ್ಲರೂ ಸೇರಿ."

ಎಲ್ಲರೂ ಸೇರಿ ಎಂದದ್ದು ಸುಳ್ಳು. ಮೇಜು ಎಲ್ಲರೂ ಒರೆಸುತ್ತಿದ್ದರು. ಇನ್‌ಬಾಕ್ಸ್ ಒರೆಸುತ್ತಿದ್ದವನು ನಾನೊಬ್ಬನೇ. ಕಡತ ಸಂಖ್ಯೆ ಇರುವ ಪತ್ರವನ್ನು ಪುಸ್ತಕಕ್ಕೆ ಹತ್ತಿಸಿ ಮುದ್ರಿಸಿ ಕಡತಕ್ಕೆ ಸೇರಿಸುತ್ತಿದ್ದೆ. ಸಂಖ್ಯೆ ಇಲ್ಲದ್ದೆಲ್ಲ ಕಸ. ಶನಿವಾರ ಸಂಜೆ ಇನ್‌ಬಾಕ್ಸ್ ಕನ್ನಡಿಯ ಹಾಗೆ ಆಗಬೇಕು. ನಾನು ತೆಗೆದದ್ದು ಕಸ, ಅರ್ಜಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಟೈಪಿಸ್ಟಮ್ಮ ತಲೆ ತಗ್ಗಿಸಿದಳು. ನನ್ನನ್ನು ಬಿಟ್ಟುಕೊಡಲಿಲ್ಲ.

ಮೇಡಂ ಪುಸ್ತಕ ಮುಚ್ಚಿದರು. "ನಾಲ್ಕು ಕಂಪ್ಯೂಟರ್, ಏಳು ಜನ, ಹೊರಗೆ ಎಷ್ಟು ಜನಾನೋ, ಎಲ್ಲರಿಗೂ ಒಂದೇ ಪಾಸ್‌ವರ್ಡ್. ಯಾರು ಅಳಿಸಿದ್ರು ಅಂತ ನಾನು ಬರೆಯೋಕಾಗಲ್ಲ. ಆಯಮ್ಮನ ಅರ್ಜಿ ಆ ಮೂರರಲ್ಲಿತ್ತು ಅಂತಾನೂ ಬರೆಯೋಕಾಗಲ್ಲ. ಶುಕ್ರವಾರ ಅವರಿಗೆ ಆಧಾರ ಇಲ್ಲ."

ನಿಜ ಹೇಳುತ್ತೇನೆ, ಆಗ ನನಗೆ ಹೋದ ಜೀವ ಬಂದ ಹಾಗಾಯಿತು.

ಸಂಜೆ ಮನೆಗೆ ಬಂದೆ. ಹೆಂಡತಿ ಊಟಕ್ಕೆ ಬಡಿಸಿ ಎದುರಿಗೆ ಕೂತಳು. ಅವಳಿಗೂ ಇಸ್ತ್ರಿ ಅಕ್ಕನಿಗೂ ಇಪ್ಪತ್ತು ವರ್ಷದ ಸ್ನೇಹ.

"ಇವತ್ತು ಅವಳ ಹತ್ರ ಹೋಗಿದ್ದೆ," ಎಂದಳು. "ಮೇಜನ್ನ ಎಲ್ಲಿಗೆ ಸಾಗಿಸ್ಲಿ ಅಂತ ಅಳ್ತಿದ್ಲು. ರೀ, ನಿಮ್ಮ ಕಚೇರೀಲಿ ಏನೂ ಮೋಸ ನಡೆದಿಲ್ಲ ತಾನೆ?"

"ನಿನಗೂ ಅನುಮಾನಾನಾ? ಬಾ, ನೀನೂ ಒಂದು ಪೆನ್ಸಿಲ್ ತಗೊಂಡು ಬಾ."

"ಕೇಳಿದ್ರೆ ಯಾಕೆ ಮೈಮೇಲೆ ಬೀಳ್ತೀರಿ? ಪಾಪ, ಎರಡು ದಿನ ಕೂತು ತಾನೇ ಅಳತೆ ಹಿಡಿದು ನಕ್ಷೆ ಬರೆದಿದ್ಲಂತೆ."

"ಏನು ನಕ್ಷೆ!" ನನಗೆ ರೇಗಿಹೋಯಿತು. "ಶರ್ಟಿನೊಳಗಿನ ರಟ್ಟಿನ ಮೇಲೆ ಗೀಚಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಮೂಲೆ ಸುಟ್ಟು, ಅದನ್ನ ತಲೆಕೆಳಗು ಮಾಡಿ ಕಳ್ಸಿದ್ರೆ ಅರ್ಜಿ ಅಂತಾರಾ ಅದನ್ನ?"

ಹೆಂಡತಿ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು.

"ರಟ್ಟು ಅಂತ ನಾನು ಹೇಳ್ಲಿಲ್ಲ," ಎಂದಳು. "ಸುಟ್ಟಿದ್ದೂ ಹೇಳ್ಲಿಲ್ಲ. ನನಗೆ ಗೊತ್ತೇ ಇರ್ಲಿಲ್ಲ."

ಆಗ ನೆನಪಾಯಿತು. ನೆನಪಾಯಿತು ಎನ್ನುವುದಕ್ಕಿಂತ, ನೆನಪಿದ್ದದ್ದು ಬಾಯಿಂದ ಹೊರಗೆ ಬಿದ್ದಿತ್ತು. ಪರದೆಯ ಮೇಲೆ ತಲೆಕೆಳಗಾದ ಚಿತ್ರ. ಮೂಲೆಯಲ್ಲಿ ಕಂದು ಕಲೆ. ಕೆಂಪು ಪೆನ್ಸಿಲಿನ ಗೆರೆಗಳು. ನಾನು ಕತ್ತು ವಾಲಿಸಿ ಓದಿದ್ದೆ. ಕಡತ ಸಂಖ್ಯೆ ಹುಡುಕಿದ್ದೆ, ಸಿಕ್ಕಿರಲಿಲ್ಲ. ಶನಿವಾರ ಅಳಿಸಿದ್ದೆ.

"ಹಾಗಾದ್ರೆ ಬಂದಿತ್ತು," ಎಂದಳು ಹೆಂಡತಿ.

"ಅದರಲ್ಲಿ ಕಡತ ಸಂಖ್ಯೆ ಇರ್ಲಿಲ್ಲ ಕಣೇ."

"ಅವಳು ಎಲ್ಲಿಂದ ತರ್ಬೇಕು ಅದನ್ನ? ಕೊಡ್ಬೇಕಾದೋರು ನೀವೇ ಅಲ್ವಾ?"

ಇಪ್ಪತ್ತೆಂಟು ವರ್ಷದಲ್ಲಿ ನನಗೆ ಹೊಳೆಯದ ಮಾತು. ಹೊಸ ಅರ್ಜಿಗೆ ಸಂಖ್ಯೆ ಇರುವುದಿಲ್ಲ. ನಾನು ಬರೆದುಕೊಂಡರೆ ತಾನೆ ಸಂಖ್ಯೆ ಹುಟ್ಟುವುದು? ಎಂದರೆ ಇ-ಮೇಲಿನಲ್ಲಿ ಬಂದ ಹೊಸ ಅರ್ಜಿಗಳನ್ನೆಲ್ಲ ನಾನು ಪ್ರತಿ ಶನಿವಾರ ಗುಡಿಸಿ ಹಾಕಿದ್ದೆ.

"ನಿವೃತ್ತಿಗೆ ಎರಡೇ ವರ್ಷ ಇದೆ," ಎಂದೆ. "ಯಾರಿಗೂ ಗೊತ್ತಾಗಲ್ಲ. ಆ ಮೇಡಮ್ಮೇ ಹೇಳಿದ್ರು."

"ನಾನೂ ಅದನ್ನೇ ಯೋಚಿಸ್ತಿದೀನಿ. ಇನ್ನೂ ಏನೇನು ಯಾರಿಗೂ ಗೊತ್ತಾಗ್ದೇ ಹೋಗಿದೆಯೋ ಅಂತ."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಕಳ್ಳನನ್ನು ನೋಡುವ ಹಾಗೆ ನೋಡಿದ್ದು ಅದೇ ಮೊದಲು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೇಡಂ ಮುಂದೆ ನಿಂತು ಹೇಳಿದೆ. ಭೇಷ್ ಎನ್ನುತ್ತಾರೆ ಎಂದು ಒಳಗೊಳಗೇ ಆಸೆಯಿತ್ತು. ಅವರು ಪೆನ್ಸಿಲ್ ತೆಗೆದು, "ಹೀಗೆ ಹೇಳಿ ಅಂತ ಯಾರು ಕಳಿಸಿದ್ರು?" ಎಂದರು.

"ಯಾರೂ ಇಲ್ಲ ಮೇಡಂ. ಅಂದ್ರೆ, ಹೆಂಡತಿ."

"ಆಯಮ್ಮ ನಿಮ್ಮ ಬೀದಿಯವರು. ನಿಮ್ಮ ಹೆಂಡತಿಗೆ ಗೆಳತಿ. ಅವರಿಗೆ ಸಹಾಯ ಮಾಡೋಕೆ ಈ ಕಥೆ ಕಟ್ಟಿಲ್ಲ ಅಂತ ನಾನು ಹೇಗೆ ನಂಬಲಿ?"

ತಪ್ಪೊಪ್ಪಿಕೊಂಡರೂ ನಂಬದ ಹೆಂಗಸು! ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಅವರು ನನ್ನ ಮುಂದೆ ಕಾಗದ ಇಟ್ಟರು. ಆ ಚಿತ್ರದಲ್ಲಿ ಏನೇನು ಕಂಡಿದ್ದಿರೋ ಅಷ್ಟನ್ನೂ ಬರೆಯಿರಿ, ಕಾಣದ್ದನ್ನು ಬರೆಯಬೇಡಿ ಎಂದರು. ಬರೆದೆ. ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ದಿನ, ಗಂಟೆ, ಇಬ್ಬರ ಸಹಿ. "ನಾಳೆವರೆಗೆ ಆಯಮ್ಮನ ಹತ್ರ ನೀವೂ ಮಾತಾಡಬೇಡಿ, ನಿಮ್ಮ ಮನೆಯವರೂ ಮಾತಾಡೋದು ಬೇಡ."

ಏಳುವಾಗ ಕೇಳಿದರು. "ಕಾಗದದ ಅರ್ಜಿ ಬಂದ್ರೆ ಹರಿದು ಬಿಸಾಕ್ತೀರಾ?"

"ಛೆ ಛೆ, ಎಲ್ಲಾದ್ರೂ ಹರೀತಾರಾ ಮೇಡಂ! ಜನರ ಅರ್ಜಿ ಅದು."

"ಮತ್ತೆ ಇದನ್ನ ಯಾಕೆ ಹರಿದ್ರಿ?"

"ಇದು ಕಾಗದ ಅಲ್ವಲ್ಲ ಅಂತ..." ಎಂದು ಶುರು ಮಾಡಿ ಅಲ್ಲಿಗೇ ನಿಂತೆ. ಮೇಡಂ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡರು.

ಶುಕ್ರವಾರ ವಿಚಾರಣೆ. ಕಚೇರಿಯ ದೊಡ್ಡ ಕೋಣೆಯಲ್ಲಿ ಒಂದು ಕಡೆ ಬೀದಿಯ ಜನ, ಇನ್ನೊಂದು ಕಡೆ ಗುತ್ತಿಗೆದಾರರು. ಅವರ ಪಕ್ಕದಲ್ಲಿ ನಮ್ಮ ಹಳೇ ಸಾಹೇಬರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಇಸ್ತ್ರಿ ಅಕ್ಕನ ಸರದಿ ಬಂದಾಗ ಅವರೇ ಮೊದಲು ಬಾಯಿ ತೆಗೆದರು. "ಲಾಗ್‌ನಲ್ಲಿ ವಿಷಯವೇ ಇಲ್ಲ. ಮೂರು ಮೇಲ್ ಬಂತು ಅಂದ್ರೆ ಅದರಲ್ಲಿ ಈಯಮ್ಮನದು ಇತ್ತು ಅಂತ ಏನು ಗ್ಯಾರಂಟಿ?"

ವಿಚಾರಣಾಧಿಕಾರಿ ನನ್ನನ್ನು ಕರೆದರು. ಎದ್ದು ನಿಂತೆ.

"ಅಳಿಸಿದ್ದು ಯಾರು?"

"ನಾನು ಸಾರ್."

ಹಿಂದೆ ಗುಸುಗುಸು ಎದ್ದಿತು. ಇಸ್ತ್ರಿ ಅಕ್ಕನ ಕಡೆ ನೋಡುವ ಧೈರ್ಯ ನನಗಾಗಲಿಲ್ಲ. ಅಧಿಕಾರಿ ಮೇಡಂ ಕೊಟ್ಟಿದ್ದ ಲಕೋಟೆಯನ್ನು ಒಡೆಯದೆ ಪಕ್ಕಕ್ಕಿಟ್ಟು, ಮೊದಲು ಅವಳ ಮೂಲ ನಕ್ಷೆಯನ್ನು ಕೇಳಿದರು. ಅವಳು ಚೀಲದಿಂದ ಟವೆಲಿನಲ್ಲಿ ಸುತ್ತಿದ ರಟ್ಟನ್ನು ತೆಗೆದಳು. ಅಧಿಕಾರಿ ಅದನ್ನು ಮೇಜಿನ ಮೇಲೆ ಇಟ್ಟುಕೊಂಡರು. ಆಮೇಲೆ ಲಕೋಟೆ ಒಡೆದು ನನ್ನ ಬರಹವನ್ನು ಜೋರಾಗಿ ಓದಿದರು. ಶರ್ಟಿನ ರಟ್ಟು. ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆಯ ಚೂಪು ಮೂತಿಯ ಆಕಾರದ ಕಂದು ಕಲೆ. ಕೆಂಪು ಪೆನ್ಸಿಲು. ಬಾಗಿಲಿನಿಂದ ರಸ್ತೆಗೆ ಒಂಬತ್ತು ಅಡಿ. ಕೊನೆಯಲ್ಲಿ ಒಂದು ಸಾಲು: "ಈ ಕೋಣೆ ಹೋದರೆ ನಿಂತು ಕೆಲಸ ಮಾಡಲು ನನಗೆ ಬೇರೆ ಜಾಗ ಇಲ್ಲ, ದಯವಿಟ್ಟು ಬಂದು ಅಳತೆ ನೋಡಿ."

ರಟ್ಟಿನ ಮೇಲೆ ಅಷ್ಟೂ ಇತ್ತು. ಅಧಿಕಾರಿ ನನ್ನನ್ನು ನೋಡಿದರು. "ಇದನ್ನ ಓದಿದ ಮೇಲೂ ಅಳಿಸಿದ್ರಾ?"

"ಓದಿ ಅಳಿಸಿದೆ ಸಾರ್."

ನಾಚಿಕೆ ಎಂದರೆ ಏನೆಂದು ಆ ದಿನ ಗೊತ್ತಾಯಿತು. ಹಳೇ ಸಾಹೇಬರು ಹಾಕಿದ್ದ ಕಾಲು ಇಳಿಸಿದರು. ಅವರು ಮುಚ್ಚಿದ ಅಕೌಂಟಿನ ವಿಷಯವನ್ನು ಮೇಡಂ ತಮ್ಮ ವರದಿಯಲ್ಲಿ ಬೇರೆಯೇ ಬರೆದಿದ್ದರು, ಅದರ ತನಿಖೆ ಇನ್ನೂ ನಡೆಯುತ್ತಿದೆ. ನಮ್ಮ ಸಾಹೇಬರು ತಮ್ಮ ಸ್ವಂತ ಮೇಲಿನಲ್ಲಿದ್ದ ಪತ್ರಗಳನ್ನೆಲ್ಲ ಕಚೇರಿಗೆ ಒಪ್ಪಿಸಬೇಕಾಯಿತು. ಇಸ್ತ್ರಿ ಅಕ್ಕನ ತಕರಾರು ವಾಯಿದೆಯೊಳಗೆ ಬಂದಿದೆ ಎಂದು ದಾಖಲಾಯಿತು. ಅವಳ ಮನೆಯ ಮುಂದೆ ಮತ್ತೆ ಅಳತೆ ಆಗಬೇಕು, ಅಲ್ಲಿಯವರೆಗೆ ಯಂತ್ರ ಆ ಬಾಗಿಲಿಗೆ ಬರುವಂತಿಲ್ಲ ಎಂದು ಆದೇಶವಾಯಿತು.

ಹೊರಗೆ ಮೆಟ್ಟಿಲ ಬಳಿ ಅವಳು ಎದುರಾದಳು. "ಅಣ್ಣಾ, ನಿಮಗೆ ಕೈ ಮುಗೀಬೇಕೋ ಬೈಬೇಕೋ ಗೊತ್ತಾಗ್ತಿಲ್ಲ."

"ಬೈದುಬಿಡಮ್ಮ," ಎಂದೆ. ಬೈದಳು. ನಿಂತು ಪೂರ್ತಿ ಕೇಳಿಸಿಕೊಂಡೆ.

ಈಗ ನಮ್ಮ ಕಚೇರಿಯಲ್ಲಿ ಏಳು ಜನರಿಗೆ ಏಳು ಪಾಸ್‌ವರ್ಡ್. ನನ್ನದು ನನ್ನ ಹೆಂಡತಿಗೂ ಗೊತ್ತಿಲ್ಲ. ಇ-ಮೇಲ್ ಬಂದ ಕೂಡಲೇ ಕಳಿಸಿದವರಿಗೆ ಸ್ವೀಕೃತಿ ನಂಬರ್ ಹೋಗುತ್ತದೆ. ಅಳಿಸುವ ಅಧಿಕಾರ ಒಬ್ಬರಿಗೂ ಇಲ್ಲ. ಶನಿವಾರ ಮೇಜು ಮಾತ್ರ ಒರೆಸುತ್ತೇವೆ. ನನ್ನ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ಬರೆದಿದ್ದಾರೆ, ಇರಲಿ. ಮನೆಯಲ್ಲಿ ಹೆಂಡತಿ ಒಂದು ಕಡತವನ್ನೇ ಮಾಡಿದ್ದಾಳೆ. ಯಾವ ಕಚೇರಿಗೆ ಏನು ಕಳಿಸಿದರೂ ಒಂದು ಪ್ರತಿ, ಒಂದು ನಂಬರ್, ಒಂದು ತಾರೀಖು. ಇಸ್ತ್ರಿ ಅಕ್ಕ ಬಟ್ಟೆಗೆ ಚೀಟಿ ಕೊಡಲು ಶುರು ಮಾಡಿದ್ದಾಳೆ. ಬೇರೆಯವರಿಗೆ ಒಂದು ಚೀಟಿ, ನನಗೆ ಮಾತ್ರ ಎರಡು, ಸಹಿ ಹಾಕಿಸಿಕೊಂಡು.

ಆದರೆ ಆ ದಿನ ಜೆರಾಕ್ಸ್ ಅಂಗಡಿಯಿಂದ ಬಂದದ್ದು ಮೂರು ಮೇಲ್. ಉಳಿದೆರಡು ಯಾರದೋ ನನಗೆ ಗೊತ್ತಿಲ್ಲ. ಎಷ್ಟು ನೆನೆದರೂ ನೆನಪಾಗುತ್ತಿಲ್ಲ. ಅವುಗಳಲ್ಲಿ ಸುಟ್ಟ ಮೂಲೆ ಇರಲಿಲ್ಲವೋ ಏನೋ. ಮೇಡಂ ಲೆಕ್ಕ ಹಾಕಿದಂತೆ ಒಂದೇ ವರ್ಷದ ಶನಿವಾರಗಳಲ್ಲಿ ನಾನು ಅಳಿಸಿದ್ದು ನಾನೂರಕ್ಕೂ ಹೆಚ್ಚು. ಅದರಲ್ಲಿ ಜಾಹೀರಾತು ಎಷ್ಟು, ಯಾರದೋ ಕೋಣೆ ಎಷ್ಟು, ಹೇಳಬಲ್ಲವರು ಯಾರೂ ಉಳಿದಿಲ್ಲ.

ಅದಕ್ಕೇ ನಿಮ್ಮ ಮುಂದೆ ಬಂದು ಇದನ್ನು ಹೇಳುತ್ತಿದ್ದೇನೆ. ಕಚೇರಿಗೆ ಇ-ಮೇಲ್ ಕಳಿಸಿದರೆ ಅದರ ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಬೇರೆಯವರ ಅಂಗಡಿಯಿಂದ ಕಳಿಸಿದರೆ, ಕಳಿಸಿದ ಪುಟವನ್ನು ಮುದ್ರಿಸಿಕೊಂಡೇ ಅಲ್ಲಿಂದ ಹೊರಡಿ. ಎರಡು ದಿನದಲ್ಲಿ ಸ್ವೀಕೃತಿ ಬರದಿದ್ದರೆ ಹೋಗಿ ಕೇಳಿ, ನಂಬರ್ ಕೈಗೆ ಬರುವವರೆಗೆ ಕೌಂಟರು ಬಿಟ್ಟು ಕದಲಬೇಡಿ. ಅಧಿಕಾರಿ ತನ್ನ ಸ್ವಂತ ಮೇಲಿಗೆ ಕಳಿಸಿ ಎಂದರೆ ಯಾಕೆ ಎಂದು ಕೇಳಿ. ನೀವು ನನ್ನಂತೆ ಕೌಂಟರಿನ ಈಚೆ ಕೂತವರಾದರೆ ಇವತ್ತೇ ಎದ್ದು ಗೋಡೆಯ ಕ್ಯಾಲೆಂಡರ್ ನೋಡಿ, ನಿಮ್ಮ ಮೇಲ್ ಎಲ್ಲಿಗೆ ನಕಲಾಗಿ ಹೋಗುತ್ತಿದೆ ಎಂದು ನೋಡಿ, ಅಳಿಸುವ ಮೊದಲು ಇದು ಯಾರದು ಎಂದು ಕೇಳಿಕೊಳ್ಳಿ. ಗುಮಾಸ್ತ ಒಳ್ಳೆಯವನು, ನಮ್ಮ ಬೀದಿಯವನೇ, ಒಂದು ಟೀಗೂ ಕೈಚಾಚದವನು ಎಂದು ಮಾತ್ರ ಸುಮ್ಮನಿರಬೇಡಿ. ನಾನು ಅಂಥವನೇ ಆಗಿದ್ದೆ.